ಮನೆ ಚಿಕ್ಕದಾಗಲಿ, ಬೀಗದ ಕೈ ನಮ್ಮದಿರಲಿ



ಕಳೆದ ತಿಂಗಳು ನಮ್ಮ ವಾಚನಾಲಯದ ಮೇಜಿನ ಮುಂದೆ ಒಂದೇ ವಾರದಲ್ಲಿ ಇಬ್ಬರು ಒಂದೇ ಬಗೆಯ ಪ್ರಶ್ನೆಯನ್ನು ತಂದರು. ಒಬ್ಬರು ಹೋಟೆಲಿನ ಕ್ಯಾಶಿಯರು. ಊರಿನ ಎಂಟು ಕೋಣೆಯ ಮನೆಯಲ್ಲಿ ತಾಯಿ ಒಬ್ಬರೇ ಇದ್ದಾರೆ, ಏನು ಮಾಡಲಿ ಎಂದರು. ಇನ್ನೊಬ್ಬರು ನಿವೃತ್ತ ಗುಮಾಸ್ತರು. ಮಕ್ಕಳು ದೂರವಾದರು, ಮೂರನೆಯ ಮಾಳಿಗೆ ಹತ್ತಲು ಮೊಣಕಾಲು ಒಪ್ಪುವುದಿಲ್ಲ, ಮನೆ ಮಾರಿ ಹಿರಿಯರ ವಸತಿಗೆ ಹೋಗಲೇ ಎಂದರು. ಇಬ್ಬರಿಗೂ ನಿಂತ ನಿಲುವಿನಲ್ಲಿ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಆದುದರಿಂದ ಈ ತಿಂಗಳ ಅಭ್ಯಾಸಕ್ಕೆ ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ವೃದ್ಧಾಶ್ರಮ ಬೇರೆ, ಹಿರಿಯರ ವಸತಿ ಬೇರೆ. ವೃದ್ಧಾಶ್ರಮದಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಮಂಚ, ಎರಡು ಹೊತ್ತಿನ ಊಟ, ಮತ್ತೊಬ್ಬರ ಆಡಳಿತ. ಹಿರಿಯರ ವಸತಿಯೆಂದರೆ ಸ್ವಂತ ಬಾಗಿಲುಳ್ಳ ಒಂದು ಚಿಕ್ಕ ಮನೆ. ಬೇಕೆನಿಸಿದರೆ ಒಳಗೆ ಚಹ ಮಾಡಿಕೊಳ್ಳಬಹುದು, ಬೇಡವೆನಿಸಿದರೆ ಸಾಮೂಹಿಕ ಭೋಜನಶಾಲೆಗೆ ಹೋಗಬಹುದು. ಲಿಫ್ಟು, ಕಾವಲು, ವೈದ್ಯರ ಸಹಾಯ, ರಾತ್ರಿ ಅವಘಡವಾದರೆ ಒತ್ತಲು ಒಂದು ಗಂಟೆ, ಇವಿಷ್ಟು ಅಲ್ಲಿಯ ಸೌಕರ್ಯ. ಪುಣೆಯಲ್ಲಿ 'ಅಥಶ್ರೀ' ಎಂಬ ಹೆಸರಿನಲ್ಲಿ, ನಮ್ಮ ಕರ್ಜತ್ ಲೈನಿನ ನೇರಳದಲ್ಲಿ ಡಿಗ್ನಿಟಿ ಫೌಂಡೇಶನ್ನಿನವರ ಕಡೆಯಿಂದ ಇಂತಹ ವಸತಿಗಳಾಗಿವೆ. ಈಗ ಬೇರೆ ಕಟ್ಟಡದವರೂ ಕಟ್ಟುತ್ತಿದ್ದಾರೆ. ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ 'ತಾಯಿಯನ್ನು ಆಶ್ರಮಕ್ಕೆ ಹಾಕಿದನಂತೆ' ಎಂಬ ಊರಿನವರ ಮಾತಿಗೆ ಅನೇಕರು ಹೆದರುತ್ತಾರೆ.

ಊರಿನ ದೊಡ್ಡ ಮನೆ

ನಮ್ಮಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ ಕಡೆಯವರು. ಗುತ್ತಿನ ಮನೆಯೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಚಾವಡಿ, ನಡುಮನೆ, ಅಂಗಳ, ಪಡಸಾಲೆ, ಅಟ್ಟ, ಭತ್ತದ ಕಣಜ. ಅಂತಹ ಮನೆಯಲ್ಲಿ ಹಿರಿಯ ಹೆಂಗಸಿನ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಇರುತ್ತಿತ್ತು. ಗೊಂಚಲು ಯಾರ ಸೊಂಟದಲ್ಲಿದೆಯೋ ಅವರ ಮಾತು ನಡೆಯುತ್ತಿತ್ತು.

ಆ ಮನೆ ಒಬ್ಬರ ಸೊತ್ತಾಗಿರಲಿಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಅದು ಇಡೀ ಕುಟುಂಬದ್ದು, ಯಜಮಾನನು ನೋಡಿಕೊಳ್ಳುವವನು ಮಾತ್ರ. ಪಾಲು ಮಾಡಿಕೊಳ್ಳುವ ಹಕ್ಕು ಬಂದುದು 1949ರ ಮದ್ರಾಸು ಅಳಿಯಸಂತಾನ ಕಾಯಿದೆಯಿಂದ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಿತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರಕಾರಕ್ಕೆ ಸೇರಿ, ಉಳುವವನಿಗೆ ಹಕ್ಕು ಸಿಗುವ ದಾರಿಯಾಯಿತು. ಅದು ನ್ಯಾಯವೇ. ಆದರೆ ಗೇಣಿಯ ಅಕ್ಕಿ ನಿಂತ ಮೇಲೆ ನೂರು ಮಂದಿ ಉಣ್ಣುತ್ತಿದ್ದ ಮನೆಗೆ ಹಂಚು ಬದಲಿಸುವ ಶಕ್ತಿಯೂ ಉಳಿಯಲಿಲ್ಲ. ಮಕ್ಕಳು ಮುಂಬಯಿಗೆ ಬಂದರು, ಮೊಮ್ಮಕ್ಕಳು ಕೊಲ್ಲಿಗೆ ಹೋದರು. ಮನೆಯಲ್ಲಿ ಒಬ್ಬ ಅಜ್ಜಿ, ಒಂದು ನಾಯಿ, ಹನ್ನೆರಡು ಬೀಗ.

ಇಂತಹ ಮನೆಗಳ ಗತಿ ಏನಾಯಿತು? ಕೆಲವು ಬಿದ್ದವು. ಕೆಲವನ್ನು ಮರದ ವ್ಯಾಪಾರಿಗಳು ಬಿಚ್ಚಿಕೊಂಡು ಹೋದರು. ಮಣಿಪಾಲದಲ್ಲಿ ಬ್ಯಾಂಕಿನ ನೌಕರರಾಗಿದ್ದ ವಿಜಯನಾಥ ಶೆಣೈಯವರು ಅಂತಹ ಕೆಲವು ಮನೆಗಳನ್ನು ಕಂಬ ತೊಲೆಗಳಿಗೆ ಗುರುತು ಹಾಕಿ ಬಿಚ್ಚಿಸಿ ತಂದು, ತಮ್ಮ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅವರು 2017ರಲ್ಲಿ ತೀರಿಕೊಂಡರು. ಅಲ್ಲಿಗೆ ಹೋಗಿ ನೋಡಿದವರಿಗೆ ಒಂದು ಸಂಗತಿ ತಿಳಿಯುತ್ತದೆ. ಮನೆಯನ್ನು ಬಿಚ್ಚಿ ಜೋಡಿಸಬಹುದು, ಆದರೆ ಅದರೊಳಗಿನ ಸಂಸಾರವನ್ನು ಮತ್ತೆ ಜೋಡಿಸಲಾಗದು. ಹಾಗಿರುವಾಗ ನಾವು ಮೊದಲು ಚಿಂತಿಸಬೇಕಾದುದು ಮನೆಯ ಗೌರವವನ್ನಲ್ಲ, ಅದರೊಳಗೆ ಉಳಿದಿರುವ ಮುದುಕರ ಗೌರವವನ್ನು.

ಮುಂಬಯಿಯ ಮನೆ

ಇನ್ನು ಮುಂಬಯಿಗೆ ಬರೋಣ. ಇಲ್ಲಿ ನಮ್ಮವರು ಚಿಕ್ಕ ಮನೆಯಿಂದಲೇ ಆರಂಭಿಸಿದವರು. ಮುಂಬಯಿ ಅಭಿವೃದ್ಧಿ ಇಲಾಖೆ 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಖೋಲಿಗೆ 160 ಚದರ ಅಡಿ. ಕಟ್ಟಡವೊಂದಕ್ಕೆ 80 ಖೋಲಿ, ಶೌಚಾಲಯ ಸಾಮೂಹಿಕ. ಅದರಲ್ಲೇ ಹತ್ತು ಹನ್ನೆರಡು ಮಂದಿ ಪಾಳಿಯ ಪ್ರಕಾರ ಮಲಗೆದ್ದು ಗಿರಣಿಗೆ ಹೋಗುತ್ತಿದ್ದರು. ವರ್ಲಿಯಲ್ಲಿ ಆ ಚಾಳುಗಳ ಜಾಗದಲ್ಲಿ ಎತ್ತರದ ಕಟ್ಟಡಗಳು ಎದ್ದು, 2025ರ ಆಗಸ್ಟಿನಲ್ಲಿ ಮೊದಲ 556 ಕುಟುಂಬಗಳಿಗೆ 500 ಚದರ ಅಡಿಯ ಮನೆಯ ಬೀಗದ ಕೈ ಕೊಟ್ಟರು. ಅವರಿಗೆ ಮನೆ ದೊಡ್ಡದಾಯಿತು. ಆದರೆ ಸಾಮೂಹಿಕ ಪಡಸಾಲೆಯಲ್ಲಿ ಕುಳಿತು ಹಾದುಹೋಗುವವರನ್ನೆಲ್ಲ ಮಾತನಾಡಿಸುತ್ತಿದ್ದ ಮುದುಕರು ಈಗ ಮುಚ್ಚಿದ ಬಾಗಿಲಿನ ಹಿಂದೆ ಎತ್ತರದ ಮಾಳಿಗೆಯಲ್ಲಿದ್ದಾರೆ. ಚದರ ಅಡಿ ಹೆಚ್ಚಿದೊಡನೆ ಸುಖವೂ ಅಷ್ಟೇ ಹೆಚ್ಚುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಚದರ ಅಡಿ ಕಡಮೆಯಾದೊಡನೆ ದುಃಖ ಹೆಚ್ಚಬೇಕಾಗಿಯೂ ಇಲ್ಲ.

ಚಾಳಿನಿಂದ ಏಳಿಗೆ ಹೊಂದಿದವರು ಡೊಂಬಿವಲಿ, ಕಲ್ಯಾಣ, ಮೀರಾ ರೋಡ್, ವಸಾಯಿ ಕಡೆ ಫ್ಲ್ಯಾಟು ಕೊಂಡರು. ಆ ಕಾಲದ ಎಷ್ಟೋ ಕಟ್ಟಡಗಳು ಮೂರು ನಾಲ್ಕು ಮಾಳಿಗೆಯವು, ಲಿಫ್ಟಿಲ್ಲದವು. ಮೂವತ್ತರ ಪ್ರಾಯದಲ್ಲಿ ಅಕ್ಕಿಮೂಟೆ ಹೊತ್ತು ಹತ್ತಿದ ಮೆಟ್ಟಿಲೇ ಎಪ್ಪತ್ತರಲ್ಲಿ ಸೆರೆಮನೆಯ ಗೋಡೆಯಾಗುತ್ತದೆ.

ನಮ್ಮ ದೊಡ್ಡಮ್ಮನ ಸಂಗತಿ

ನಮ್ಮ ದೊಡ್ಡಪ್ಪನವರು ಗಿರಣಿಯ ಸಾಚೆ ಖಾತೆಯಲ್ಲಿ ದುಡಿದವರು. 1982ರ ಜನವರಿ 18ರಂದು ಆರಂಭವಾದ ದೊಡ್ಡ ಮುಷ್ಕರವನ್ನು ಕಂಡವರು. ಅವರ ಗಿರಣಿ ಕೊನೆಗೊಮ್ಮೆ ಮುಚ್ಚಿದಾಗ ಬಂದ ಹಣಕ್ಕೆ ಊರಿನ ಜಮೀನಿನ ಪಾಲನ್ನೂ ಸೇರಿಸಿ ಡೊಂಬಿವಲಿಯಲ್ಲಿ ಮೂರನೆಯ ಮಾಳಿಗೆಯ ಫ್ಲ್ಯಾಟು ಕೊಂಡರು. ಅವರು ತೀರಿಕೊಂಡ ಮೇಲೆ ಮಗ ಪುಣೆಯಲ್ಲಿ, ಮಗಳು ಮಸ್ಕತ್ತಿನಲ್ಲಿ, ದೊಡ್ಡಮ್ಮ ಒಬ್ಬರೇ ಮೂರು ಕೋಣೆಯಲ್ಲಿ.

ಒಂದು ದಿನ ಅವರೇ ಹೇಳಿದರು: "ಮಗಾ, ಮನೆ ದೊಡ್ಡದಾದದ್ದಲ್ಲ, ನಾನು ಸಣ್ಣವಳಾದದ್ದು. ಆ ಎರಡು ಕೋಣೆಯ ಬಾಗಿಲು ತೆಗೆಯುವುದು ಗುಡಿಸಲಿಕ್ಕೆ ಮಾತ್ರ. ಕಾಲು ನಡೆಯುವಾಗಲೇ ಎಲ್ಲಿಗಾದರೂ ಹೋಗುತ್ತೇನೆ. ಎತ್ತಿಕೊಂಡು ಹೋಗುವ ದಿನ ಬಂದರೆ ಎಲ್ಲಿಗೆ ಅಂತ ನನ್ನನ್ನು ಯಾರೂ ಕೇಳುವುದಿಲ್ಲ."

ಈ ಮಾತಿನಲ್ಲಿ ಪಾಠದ ಅರ್ಧ ಭಾಗವಿದೆ. ಬಿದ್ದು ಸೊಂಟ ಮುರಿದ ಮೇಲೆ ಮನೆ ಬದಲಿಸುವವರ ಬದುಕನ್ನು ಬೇರೆಯವರು ಅವಸರದಲ್ಲಿ ನಿರ್ಧರಿಸುತ್ತಾರೆ. ಗಟ್ಟಿಯಿರುವಾಗಲೇ ಹೊರಡುವವರು ನಾಲ್ಕು ಕಡೆ ನೋಡಿ, ಚೌಕಾಶಿ ಮಾಡಿ, ತಮಗೆ ಒಪ್ಪಿದ್ದನ್ನು ಆರಿಸಿಕೊಳ್ಳುತ್ತಾರೆ. ದೊಡ್ಡಮ್ಮ ಆರು ತಿಂಗಳು ನೋಡಿದರು. ಕರ್ಜತ್ ಲೈನಿನಲ್ಲಿ ಹಿರಿಯರಿಗೆಂದೇ ಕಟ್ಟಿದ ಒಂದು ವಸತಿಯಲ್ಲಿ ಹತ್ತು ದಿನ ಬಾಡಿಗೆಗೆ ಇದ್ದು ನೋಡಿ, ಆಮೇಲೆ ಒಂದು ಕೋಣೆ, ಒಂದು ಅಡಿಗೆಮನೆಯ ಫ್ಲ್ಯಾಟನ್ನು ತಮ್ಮ ಹೆಸರಿನಲ್ಲೇ ಕೊಂಡರು.

ಈಗ ನಾವು ಮಾಡಿದ ತಪ್ಪನ್ನು ಹೇಳಬೇಕು. ಸಾಮಾನು ಕಟ್ಟುವ ಕೆಲಸಕ್ಕೆ ನಾವು ಎರಡು ಭಾನುವಾರ ಹೋಗಿದ್ದೆವು. ಎರಡನೆಯ ಭಾನುವಾರ ದೊಡ್ಡಮ್ಮ ದೇವಸ್ಥಾನಕ್ಕೆ ಹೋಗಿದ್ದರು. ಅಡಿಗೆಮನೆಯ ಮೇಲಿನ ಮಾಳಾದಲ್ಲಿ ತುಕ್ಕು ಹಿಡಿದ ಒಂದು ತಗಡಿನ ಟ್ರಂಕು ಇತ್ತು. ಬೀಗ ಒಡೆದು ನೋಡಿದರೆ ಒಳಗೆ ಬರೇ ಹಳೆಯ ಕಾಗದ. ಅವರ ಶ್ರಮ ಉಳಿಸಿದೆವೆಂದು ಭಾವಿಸಿ ಕಾಗದವನ್ನು ರದ್ದಿಗೂ ಟ್ರಂಕನ್ನು ಭಂಗಾರದವನಿಗೂ ತೂಗಿಸಿ ಕೊಟ್ಟುಬಿಟ್ಟೆವು.

ಆ ಕಾಗದಗಳು ದೊಡ್ಡಪ್ಪನ ಗಿರಣಿಯ ಟಿಕೇಟು, ರಜೆಯ ಪುಸ್ತಕ, ಪಗಾರದ ಚೀಟಿಗಳು. ಮುಚ್ಚಿದ ಗಿರಣಿಗಳ ಕಾರ್ಮಿಕರಿಗಾಗಿ ಕಟ್ಟಿದ 225 ಚದರ ಅಡಿಯ ಮನೆಗಳಿಗೆ ಮ್ಹಾಡಾದವರು 2012ರಲ್ಲಿ ಮೊದಲ ಲಾಟರಿ ಎತ್ತಿದ್ದರು. 1982ರ ಜನವರಿ 1ರಂದು ಅಥವಾ ಆಮೇಲೆ ಗಿರಣಿಯ ಪಟ್ಟಿಯಲ್ಲಿದ್ದವರು, ಅವರು ಇಲ್ಲದಿದ್ದರೆ ವಾರಸುದಾರರು, ಅದಕ್ಕೆ ಅರ್ಹರು. ದೊಡ್ಡಪ್ಪ ಅರ್ಜಿ ಹಾಕಿದ್ದರು. ಅರ್ಹತೆಗೆ ಬೇಕಾದ ದಾಖಲೆಯೆಂದರೆ ಇದೇ ಟಿಕೇಟು, ಇದೇ ಪಗಾರದ ಚೀಟಿ! ನಾವು ರದ್ದಿಯವನ ಗೋದಾಮಿಗೆ ಓಡಿದೆವು. ಟ್ರಂಕು ಅಲ್ಲಿತ್ತು, ಕಾಗದ ಲಾರಿ ಹತ್ತಿ ಹೋಗಿತ್ತು.

ದೊಡ್ಡಮ್ಮ ಬೈಯಲಿಲ್ಲ. "ಒಂದು ಮಾತು ಕೇಳಬಹುದಿತ್ತಲ್ಲ ಮಗಾ" ಎಂದರು, ಅಷ್ಟೆ. ಇ.ಎಸ್.ಐ. ನಂಬ್ರ, ಭವಿಷ್ಯನಿಧಿಯ ನಂಬ್ರ ಹಿಡಿದು ಬದಲಿ ದಾಖಲೆಗಾಗಿ ನಾವು ಇಂದಿಗೂ ಅಲೆಯುತ್ತಿದ್ದೇವೆ. ಗಿರಣಿಯ ಆಫೀಸಿನಲ್ಲಿ ದಿನವೂ ಕಾಗದವನ್ನೇ ನೋಡಿಕೊಂಡು ಅನ್ನ ತಿನ್ನುವ ನಾವೇ ಹೀಗೆ ಮಾಡಿದೆವು. ಹಿರಿಯರ ಸಾಮಾನಿನ ಬೆಲೆ ಕಿರಿಯರ ಕಣ್ಣಿಗೆ ಕಾಣುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಸಾಮಾನು ಕಡಮೆ ಮಾಡುವ ಕ್ರಮ

ಆ ತಪ್ಪಿನಿಂದ ಕಲಿತು, ನಮ್ಮ ಕಸುಬಿನ ದಾಸ್ತಾನು ಪುಸ್ತಕದ ಕ್ರಮವನ್ನೇ ಉಳಿದ ಸಾಮಾನಿಗೆ ಅನ್ವಯಿಸಿದೆವು. ಗೋದಾಮಿನಲ್ಲಿ ಒಂದು ಥಾನು ಬಟ್ಟೆಯೂ ಸಹಿಯಿಲ್ಲದೆ ಹೊರಗೆ ಹೋಗುವುದಿಲ್ಲ. ಮನೆಯಲ್ಲಿಯೂ ಹಾಗೆಯೇ ಆಗಬೇಕು. ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ನಾಲ್ಕು ಕಲಮು ಹಾಕಿರಿ.

ಮೊದಲನೆಯದು, ದಿನವೂ ಬೇಕಾದುದು. ಇದು ಹೊಸ ಮನೆಗೆ ಹೋಗತಕ್ಕದ್ದು.

ಎರಡನೆಯದು, ವರ್ಷಕ್ಕೊಮ್ಮೆ ಬೇಕಾದುದು. ಚೌತಿಯ ಕಡುಬಿಗೆ ದೊಡ್ಡ ಅಟ್ಟಿನಳಗೆ, ಇಪ್ಪತ್ತು ಮಂದಿಯ ಚೆರಿಗೆ, ಕಡೆಯುವ ಕಲ್ಲು. ಹಬ್ಬ ಇನ್ನು ಯಾರ ಮನೆಯಲ್ಲಿ ನಡೆಯುವುದೋ ಅವರಿಗೆ ಇದು ಹೋಗಬೇಕು. ಪಾತ್ರೆಯ ಜೊತೆಗೆ ಹಬ್ಬ ಮಾಡುವ ಹೊಣೆಯೂ ಹೋಗುತ್ತದೆಂದು ಹೇಳಿಯೇ ಕೊಡಿರಿ.

ಮೂರನೆಯದು, ನೆನಪಿನದು. ಇದಕ್ಕೆ ಒಂದು ಪೆಟ್ಟಿಗೆಯ ಅಳತೆ ಗೊತ್ತುಮಾಡಿರಿ. ಪೆಟ್ಟಿಗೆಯಲ್ಲಿ ಏನಿರಬೇಕೆಂದು ಹಿರಿಯರೇ ತೀರ್ಮಾನಿಸಲಿ. ಆರು ಸೀರೆ ಬಿಟ್ಟು ಒಂದು ಮುರಿದ ಮಣೆ ಇಟ್ಟುಕೊಂಡರೂ ನೀವು ಮಾತನಾಡಬೇಡಿ.

ನಾಲ್ಕನೆಯದು, ಕಾಗದ. ಒಂದು ಚೀಟಿಯನ್ನೂ ಓದದೆ ಎಸೆಯಕೂಡದು. ಮನೆಯ ಕರಾರು, ಸೊಸೈಟಿಯ ಶೇರು ಸರ್ಟಿಫಿಕೇಟು, ಬಾಡಿಗೆಯ ರಸೀದಿ, ಪಿಂಚಣಿ, ವಿಮೆ, ಮರಣದ ದಾಖಲೆ, ಊರಿನ ಪಾಲುಪತ್ರ, ಗಿರಣಿಯ ಕಾಗದ, ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟು, ನಕಲು ತೆಗೆಸಿ, ಮೂಲಪ್ರತಿ ಹಿರಿಯರ ಕೈಯಲ್ಲೇ ಇರಲಿ.

ಹೊಸ ಮನೆಯ ಅಳತೆ ತಿಳಿಯಲು ಒಂದು ಸುಲಭ ಉಪಾಯವಿದೆ. ಹಳೆಯ ಮನೆಯ ನೆಲದ ಮೇಲೆ ಹೊಸ ಕೋಣೆಯ ಉದ್ದಗಲವನ್ನು ಸೀಮೆಸುಣ್ಣದಿಂದ ಬರೆಯಿರಿ. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ ಗುರುತಿಸಿ. ಮಂಚ, ಕಪಾಟು, ದೇವರ ಪೀಠಗಳನ್ನು ಗೆರೆಯೊಳಗೆ ಇಟ್ಟು, ರಾತ್ರಿ ದೀಪವಿಲ್ಲದೆ ಎದ್ದು ನಡೆದಾಡಿದರೆ ಕಾಲಿಗೆ ಏನೂ ತಾಗದಷ್ಟು ಜಾಗ ಉಳಿಯುತ್ತದೆಯೇ ನೋಡಿರಿ. ದೊಡ್ಡಮ್ಮನ ಗೋದ್ರೆಜ್ ಕಪಾಟು ಗೆರೆಯಿಂದ ಹೊರಗೆ ಉಳಿಯಿತು. ನಾವು ಹೇಳಿದ್ದರೆ ವಾದವಾಗುತ್ತಿತ್ತು, ಗೆರೆಯೇ ಹೇಳಿದ್ದರಿಂದ ಆಗಲಿಲ್ಲ.

ಬೀಗದ ಕೈ ಅಂದರೆ ಕಾಗದ

ಇದು ಪಾಠದ ಮುಖ್ಯ ಭಾಗ. ನಿಧಾನವಾಗಿ ಓದಿರಿ.

ಒಂದು: ಪಗಡಿಯ ಅಥವಾ ಹಳೆಯ ಬಾಡಿಗೆಯ ಖೋಲಿ ಇರುವವರು. ಮುಂಬಯಿಯಲ್ಲಿ 1947ರ ಬಾಡಿಗೆ ಕಾಯಿದೆಯ ಬದಲಿಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 2000ದ ಮಾರ್ಚ್ 31ರಿಂದ ನಡೆಯುತ್ತಿದೆ. ಅದರ 16ನೆಯ ಕಲಮಿನ ಪ್ರಕಾರ, ಯಾವ ಉದ್ದೇಶಕ್ಕೆ ಬಾಡಿಗೆಗೆ ಪಡೆದುದೋ ಅದಕ್ಕಾಗಿ ಮನೆಯನ್ನು ಯೋಗ್ಯ ಕಾರಣವಿಲ್ಲದೆ ಸತತ ಆರು ತಿಂಗಳು ಬಳಸದಿದ್ದರೆ ಮಾಲಕನು ದಾವೆ ಹಾಕಿ ಬಿಡಿಸಿಕೊಳ್ಳಬಹುದು. 'ಊರಿಗೆ ಹೋಗಿ ಒಂದು ವರ್ಷ ಇದ್ದು ಬರುತ್ತೇವೆ, ಖೋಲಿಗೆ ಬೀಗವಿರಲಿ' ಎನ್ನುವವರು ಇದನ್ನು ನೆನಪಿಡಬೇಕು. ಹೋಗುವುದೇ ಆದರೆ, ಅದೇ ಕಾಯಿದೆಯ 56ನೆಯ ಕಲಮು ಬಾಡಿಗೆದಾರನು ಹಕ್ಕು ಬಿಟ್ಟುಕೊಡುವುದಕ್ಕೂ ವರ್ಗಾಯಿಸುವುದಕ್ಕೂ ಹಣ ಪಡೆಯಲು ಅವಕಾಶ ಕೊಟ್ಟಿದೆ. ಮಾಲಕನನ್ನು ಸೇರಿಸಿಕೊಂಡು, ಬರೆಹದಲ್ಲಿ, ವಕೀಲರಿಗೆ ತೋರಿಸಿ ಆ ಕೆಲಸ ಮಾಡಿರಿ. ಬಾಯಿಮಾತಿನಲ್ಲಿ ಬೀಗದ ಕೈ ಕೊಟ್ಟು ಬರಬೇಡಿ.

ಎರಡು: ಸ್ವಂತ ಫ್ಲ್ಯಾಟನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವವರು. ನಮಗೆ ಪರಿಚಯದ ಒಬ್ಬ ತಾಯಿ, 'ಹೇಗೂ ಅವನಿಗೇ ತಾನೇ' ಎಂದು ಮನೆಯನ್ನು ಬರೆದುಕೊಟ್ಟರು. ಪತ್ರದಲ್ಲಿ ಯಾವ ಷರತ್ತೂ ಇರಲಿಲ್ಲ. ಈಗ ಆ ಮನೆಯಲ್ಲಿ ಕಿಟಕಿ ತೆರೆಯುವುದಕ್ಕೂ ಅವರು ಅಪ್ಪಣೆ ಕೇಳಬೇಕಾಗಿದೆ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯಲ್ಲಿ 23ನೆಯ ಕಲಮು ಎಂಬುದೊಂದಿದೆ. 60 ವರ್ಷ ತುಂಬಿದವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಸೊತ್ತನ್ನು ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ರದ್ದುಪಡಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ಈ ಮಂಡಳಿಯ ಮುಖ್ಯಸ್ಥರು ಉಪವಿಭಾಗಾಧಿಕಾರಿಗಿಂತ ಕೆಳಗಿನವರಾಗಿರಕೂಡದು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಕಾಯಿದೆ ಹಿರಿಯರ ಹಿತಕ್ಕಾಗಿ ಇರುವುದರಿಂದ ಅದನ್ನು ಉದಾರವಾಗಿ ಅರ್ಥೈಸಬೇಕೆಂದಿತು. ಸೊತ್ತಿನ ಸ್ವಾಧೀನವನ್ನು ಹಿರಿಯರಿಗೆ ಮರಳಿಸುವ ಆಜ್ಞೆಯನ್ನೂ ಮಂಡಳಿ ಕೊಡಬಹುದೆಂದಿತು. ನಾವು ಕಲಿಯಬೇಕಾದುದೇನೆಂದರೆ, ಕೊಡುವುದಾದರೆ ಷರತ್ತನ್ನು ಪತ್ರದಲ್ಲೇ ಬರೆಸಿರಿ. ಬದುಕಿರುವ ತನಕ ಕೊಡದಿರುವುದು ಇನ್ನೂ ಲೇಸು.

ಮೂರು: ವಿಲ್ಲು. ಮಕ್ಕಳಿಗೆ ಮುಂದೆ ಸಿಗಲೆಂಬ ಆಸೆ ಇದ್ದವರಿಗೆ ಇದೇ ದಾರಿ. ಇಬ್ಬರು ಸಾಕ್ಷಿಗಳ ಎದುರಿನಲ್ಲಿ ರುಜು ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳ್ಳೆಯದು. ಮನಸ್ಸು ಬದಲಾದರೆ ವಿಲ್ಲನ್ನು ಬದಲಿಸಬಹುದು, ದಾನಪತ್ರವನ್ನು ಹಾಗೆ ಬದಲಿಸಲಾಗದು. ಸೊಸೈಟಿಯಲ್ಲಿ ನಾಮಿನಿ ಬರೆಸಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ನಾಮಿನಿ ಎಂದರೆ ಒಡೆಯನಲ್ಲ, ವಾರಸುದಾರರ ಪರವಾಗಿ ಕೈಗೆ ತೆಗೆದುಕೊಳ್ಳುವವನು ಮಾತ್ರ.

ನಾಲ್ಕು: ಹೊಸ ಮನೆಯ ಕಾಗದ. ಹಿರಿಯರ ವಸತಿಗಳಲ್ಲಿ ಮೂರು ಬಗೆಯಿದೆ. ಖರೀದಿಯ ಮನೆ ನಿಮ್ಮದು, ಮಾರಬಹುದು, ಮಕ್ಕಳಿಗೆ ಹೋಗುತ್ತದೆ. ದೊಡ್ಡ ಠೇವಣಿ ಕೊಟ್ಟು ಬದುಕಿರುವ ತನಕ ಇರುವ ಮನೆ ನಿಮ್ಮದಲ್ಲ, ವಾಸದ ಹಕ್ಕು ಮಾತ್ರ ನಿಮ್ಮದು. ಮೂರನೆಯದು ತಿಂಗಳ ಬಾಡಿಗೆ. ಠೇವಣಿ ಬಗೆಯಲ್ಲಿ ನಾಲ್ಕು ಪ್ರಶ್ನೆ ಕೇಳಿರಿ. ಬಿಟ್ಟರೆ ಎಷ್ಟು ಹಣ ಮರಳಿ ಬರುವುದು? ಎಷ್ಟು ದಿನಗಳಲ್ಲಿ? ಗಂಡ ತೀರಿಕೊಂಡರೆ ಹೆಂಡತಿಗೆ ಅದೇ ಹಕ್ಕು ಇದೆಯೇ? ಹಾಸಿಗೆ ಹಿಡಿದರೆ ಅಲ್ಲೇ ಇರಗೊಡುವರೋ, ಹೊರಡಿ ಎನ್ನುವರೋ? ಉತ್ತರ ಬಾಯಲ್ಲಿ ಬೇಡ, ಕರಾರಿನಲ್ಲಿ ತೋರಿಸಿ ಎನ್ನಿರಿ.

ಒಂದು ಲೆಕ್ಕ

ಉದಾಹರಣೆಗೆ, ಹಳೆಯ ಮನೆ ಮಾರಿ ಹೊಸದು ಕೊಂಡ ಮೇಲೆ 40 ಲಕ್ಷ ರೂಪಾಯಿ ಉಳಿಯಿತು ಎಂದಿರಲಿ. ನೂರಕ್ಕೆ 7ರಂತೆ ಬಡ್ಡಿ ವರ್ಷಕ್ಕೆ 2,80,000, ಅಂದರೆ ತಿಂಗಳಿಗೆ ಸುಮಾರು 23,333. ವಸತಿಯ ನಿರ್ವಹಣೆ, ಊಟ ಎಲ್ಲ ಸೇರಿ ತಿಂಗಳಿಗೆ 20,000 ಎಂದಿರಲಿ. ನಿಶ್ಚಿಂತೆ ಎನಿಸುತ್ತದೆ. ಆದರೆ ಖರ್ಚು ವರ್ಷಕ್ಕೆ ನೂರಕ್ಕೆ 8ರಂತೆ ಏರಿದರೆ ಎರಡನೆಯ ವರ್ಷ 21,600, ಮೂರನೆಯ ವರ್ಷ 23,328. ಅಲ್ಲಿಗೆ ಬಡ್ಡಿಗೆ ಸರಿಯಾಯಿತು. ನಾಲ್ಕನೆಯ ವರ್ಷದಿಂದ ಅಸಲಿಗೆ ಕೈ ಹಾಕಬೇಕು. ಒಂಬತ್ತು ವರ್ಷ ಕಳೆದಾಗ ಖರ್ಚು ಇಮ್ಮಡಿ, ಸುಮಾರು 40,000. ಔಷಧದ ಖರ್ಚು ಇದರಲ್ಲಿ ಸೇರಿಲ್ಲ. ಆದುದರಿಂದ ಇಂದಿನ ಖರ್ಚನ್ನು ನೋಡಿ ಮೋಸಹೋಗದೆ, ಹತ್ತನೆಯ ವರ್ಷದ ಖರ್ಚನ್ನು ಕಾಗದದ ಮೇಲೆ ಬರೆದು ನೋಡಿರಿ. ಮನೆ ಮಾರಿದ ಲಾಭಕ್ಕೆ ತೆರಿಗೆ ಬೀಳುವುದೋ ಇಲ್ಲವೋ ಎಂಬುದನ್ನು ಮಾರುವ ಮೊದಲೇ ತಿಳಿದವರಲ್ಲಿ ಕೇಳಿಕೊಳ್ಳಿರಿ.

ಇಷ್ಟು ಹಣ ನಮ್ಮಲ್ಲಿ ಎಲ್ಲಿಂದ ಎಂದು ನಿಟ್ಟುಸಿರು ಬಿಡುವ ವಾಚಕರೇ ಹೆಚ್ಚೆಂದು ನಾವು ಬಲ್ಲೆವು. ನಾವೂ ಅವರಲ್ಲಿ ಒಬ್ಬರೇ. ಅಂತಹವರಿಗೂ ದಾರಿಗಳಿವೆ. ಮೂರನೆಯ ಮಾಳಿಗೆಯ ದೊಡ್ಡ ಮನೆಯನ್ನು ಕೊಟ್ಟು ಅದೇ ಕಟ್ಟಡದ ಅಥವಾ ಅದೇ ಗಲ್ಲಿಯ ನೆಲಮಾಳಿಗೆಯ ಚಿಕ್ಕ ಮನೆಯನ್ನು ಪಡೆಯುವುದು ಒಂದು. ಅಂಗಡಿ, ವೈದ್ಯರು, ದೇವಸ್ಥಾನ, ಗೆಳತಿಯರು ಯಾವುದೂ ಬದಲಾಗುವುದಿಲ್ಲ. ಮಕ್ಕಳ ಮನೆಯ ಒಳಗಲ್ಲ, ಮಕ್ಕಳ ಮನೆಯ ಹತ್ತಿರ ಒಂದು ಖೋಲಿ ಹಿಡಿಯುವುದು ಇನ್ನೊಂದು. ಊರಿನ ಮನೆಯ ಒಂದು ಪಾರ್ಶ್ವವನ್ನು ಮಾತ್ರ ಭದ್ರಪಡಿಸಿ, ಮೆಟ್ಟಿಲಿಲ್ಲದ ಬಚ್ಚಲು ಕಟ್ಟಿಸಿ, ಉಳಿದುದಕ್ಕೆ ಬೀಗ ಹಾಕುವುದು ಮತ್ತೊಂದು. ಕ್ಯಾಶಿಯರ ಬಂಧುಗಳಿಗೆ ನಾವು ಮೊದಲು ಹೇಳುವುದು ಇದನ್ನೇ. ತಾಯಿಯನ್ನು ಕೇಳದೆ ಕರೆತಂದು ಹತ್ತು ಅಡಿ ಖೋಲಿಯಲ್ಲಿ ಕೂರಿಸಬೇಡಿ.

ಕಟ್ಟಡ ನೋಡುವಾಗ

ಮಹಾರಾಷ್ಟ್ರದ ಗೃಹನಿರ್ಮಾಣ ನಿಯಂತ್ರಣ ಪ್ರಾಧಿಕಾರ, ಜನರ ಬಾಯಲ್ಲಿ ಮಹಾರೇರಾ, 2024ರಲ್ಲಿ ಹಿರಿಯರ ವಸತಿಗೆಂದು ಕಟ್ಟುವ ಕಟ್ಟಡಗಳಿಗೆ ಕನಿಷ್ಠ ಸೌಕರ್ಯಗಳನ್ನು ಗೊತ್ತುಮಾಡಿತು. ಒಂದಕ್ಕಿಂತ ಹೆಚ್ಚು ಮಾಳಿಗೆಯಿದ್ದರೆ ಲಿಫ್ಟು ಬೇಕು, ಗಾಲಿಕುರ್ಚಿ ಅದರೊಳಗೆ ಹೋಗಬೇಕು. ಬಾಗಿಲು 900 ಮಿಲಿಮೀಟರಿಗಿಂತ ಕಿರಿದಾಗಿರಕೂಡದು. ಮೆಟ್ಟಿಲಿನ ಎರಡೂ ಬದಿಗೆ ಕೈಹಿಡಿ, ಬಚ್ಚಲಿನಲ್ಲಿ ಹಿಡಿದುಕೊಳ್ಳುವ ಸರಳು, ಜಾರದ ನೆಲ ಇರಬೇಕು. ಈ ಸೌಕರ್ಯಗಳು ಮಾರಾಟದ ಕರಾರಿನಲ್ಲೇ ಸೇರಬೇಕು. 'ಹಿರಿಯರಿಗಾಗಿ' ಎಂದು ಬೋರ್ಡು ಹಾಕಿ ಮಾಮೂಲು ಮನೆ ಮಾರುವವರಿಂದ ಎಚ್ಚರವಾಗಿರಲು ಇದು ಸಾಧನ. ಅಳತೆಪಟ್ಟಿ ಕಿಸೆಯಲ್ಲಿರಲಿ, ಬಚ್ಚಲಿನ ಬಾಗಿಲನ್ನು ನೀವೇ ಅಳೆಯಿರಿ. ಸ್ಟೇಶನ್ನಿನಿಂದ ಎಷ್ಟು ದೂರ, ಮಳೆಗಾಲದಲ್ಲಿ ದಾರಿ ಹೇಗೆ, ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನು ಜುಲೈ ತಿಂಗಳಲ್ಲೇ ಹೋಗಿ ನೋಡುವುದು ಉತ್ತಮ.

ಉಳಿದ ಮಾತು

ದೊಡ್ಡಮ್ಮ ಹೋಗಿ ಈಗ ಎರಡನೆಯ ಮಳೆಗಾಲ. ಮೊದಲ ತಿಂಗಳು ದಿನಕ್ಕೆ ಮೂರು ಸಲ ಫೋನು ಬರುತ್ತಿತ್ತು. ಭೋಜನಶಾಲೆಯ ಬೆಳ್ತಿಗೆ ಅನ್ನ ಗಂಟಲಿನಲ್ಲಿ ಇಳಿಯುವುದಿಲ್ಲವೆಂದರು. ಈಗ ಒಳಗೇ ಒಂದು ಹೊತ್ತು ಕುಚ್ಚಲಕ್ಕಿ ಗಂಜಿ ಮಾಡಿಕೊಳ್ಳುತ್ತಾರೆ. ನೆರೆಯ ಇಬ್ಬರು ಮರಾಠಿ ಹೆಂಗಸರು ಉಪ್ಪಿನಕಾಯಿಗೆ ಬರುತ್ತಾರೆ. ಕನ್ನಡದಲ್ಲಿ ಜಗಳವಾಡಲು ಯಾರೂ ಇಲ್ಲವೆಂಬುದೊಂದೇ ಕೊರತೆ. ಆ ಕೊರತೆಗಾಗಿ ನಾವು ತಿಂಗಳಿಗೊಂದು ಭಾನುವಾರ ವಾಚನಾಲಯದ ಹಳೆಯ ಮಾಸಪತ್ರಿಕೆಗಳನ್ನು ಹಿಡಿದು ಕರ್ಜತ್ ಲೋಕಲು ಹತ್ತುತ್ತೇವೆ. ಬಾಗಿಲು ತಟ್ಟಿದರೆ ಅವರು ಒಳಗಿನಿಂದ ಬೀಗ ತೆಗೆಯುತ್ತಾರೆ. ಮನಸ್ಸಿಲ್ಲದ ದಿನ ಬಾಗಿಲು ತೆರೆಯದಿರುವ ಸ್ವಾತಂತ್ರ್ಯವೂ ಅವರಿಗಿದೆ. ಹತ್ತು ಬೀಗದ ಕೈಗಳಿದ್ದ ಗೊಂಚಲಿನಲ್ಲಿ ಈಗ ಉಳಿದಿರುವುದು ಎರಡು. ಒಂದು ಈ ಬಾಗಿಲಿನದು. ಇನ್ನೊಂದು ನಾವು ತೂಕಕ್ಕೆ ಮಾರಿದ ಆ ಟ್ರಂಕಿನದು.

ಬಂಧುಗಳೇ, ಪಾಠದ ಸಾರ ಇಷ್ಟು: ಮನೆಯನ್ನು ಚಿಕ್ಕದು ಮಾಡಿಕೊಳ್ಳುವುದರಲ್ಲಿ ಅವಮಾನವಿಲ್ಲ. ಅದನ್ನು ಬೇರೆಯವರು ನಮ್ಮ ಪರವಾಗಿ ಮಾಡುವುದರಲ್ಲಿ ಕಷ್ಟವಿದೆ. ಕಾಲು ಗಟ್ಟಿಯಿರುವಾಗ, ಸ್ವಂತ ತೀರ್ಮಾನದಿಂದ, ಕಾಗದವನ್ನು ಸ್ವಂತ ಹೆಸರಿನಲ್ಲಿಟ್ಟುಕೊಂಡು ಹೊರಟವರಿಗೆ ಒಂದು ಕೋಣೆಯೂ ಮನೆಯೇ.

ಮರಾಠಿ, ಇಂಗ್ಲಿಷು ಕಾಗದಪತ್ರಗಳನ್ನು ಓದಿಸಿಕೊಳ್ಳಬೇಕಾದವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬರಬಹುದು. ನಾವು ವಕೀಲರಲ್ಲ, ಆದರೆ ಬರೆದುದನ್ನು ಕನ್ನಡದಲ್ಲಿ ಓದಿ ಹೇಳಬಲ್ಲೆವು. ಮನೆ ಖಾಲಿ ಮಾಡುವವರಲ್ಲಿ ಒಂದು ವಿಜ್ಞಾಪನೆ: ಕನ್ನಡ ಪುಸ್ತಕಗಳನ್ನು ರದ್ದಿಗೆ ಕೊಡುವ ಮೊದಲು ನಮಗೆ ಒಂದು ಮಾತು ತಿಳಿಸಿರಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ಮನೆಯ ಹಿರಿಯರ ಮುಖ್ಯ ಕಾಗದಗಳು ಎಲ್ಲಿವೆ? ನಿಮಗೆ ತಿಳಿದಿದೆಯೇ? ಅವರಿಗೆ ತಿಳಿದಿದೆಯೇ?

2. ಬಾಡಿಗೆಯ ಖೋಲಿಗೆ ಬೀಗ ಹಾಕಿ ಒಂದು ವರ್ಷ ಊರಿನಲ್ಲಿದ್ದರೆ ಏನು ಅಪಾಯ?

3. ದಾನಪತ್ರಕ್ಕೂ ವಿಲ್ಲಿಗೂ ಇರುವ ವ್ಯತ್ಯಾಸವನ್ನು ಮನೆಯವರಿಗೆ ನಿಮ್ಮ ಮಾತಿನಲ್ಲಿ ಹೇಳಿರಿ.

4. ತಿಂಗಳಿಗೆ 15,000 ಖರ್ಚು, ವರ್ಷಕ್ಕೆ ನೂರಕ್ಕೆ 8ರಂತೆ ಏರಿಕೆ. ಐದನೆಯ ವರ್ಷ ತಿಂಗಳ ಖರ್ಚು ಎಷ್ಟು? ಲೆಕ್ಕ ಮಾಡಿ ನೋಡಿರಿ.

5. ಹಿರಿಯರ ಯಾವ ಸಾಮಾನನ್ನು ನೀವು ಕೇಳದೆ ಎಸೆದಿದ್ದೀರಿ? ಇಂದೇ ಅವರಲ್ಲಿ ಆ ಮಾತು ಎತ್ತಿರಿ.